ರಾಜಧಾನಿಯಾಗಿದ್ದ ದ್ವೀಪದಲ್ಲಿ ಒಂದು ಹಗಲು

ಬೆಂಗಳೂರಿನಿಂದ ಮೈಸೂರಿಗೆ ಹೊರಟವರಲ್ಲಿ ಬಹುಪಾಲು ಜನ ಶ್ರೀರಂಗಪಟ್ಟಣಕ್ಕೆ ಒಂದೋ ಎರಡೋ ಗಂಟೆಯನ್ನಷ್ಟೇ ಎತ್ತಿಡುತ್ತಾರೆ. ರಂಗನಾಥನಿಗೆ ಕೈಮುಗಿದು, ಟಿಪ್ಪುವಿನ ಬೇಸಿಗೆಯ ಅರಮನೆ ದರಿಯಾ ದೌಲತ್ತಿನ ಹುಲ್ಲುಹಾಸಿನ ಮೇಲೆ ನಾಲ್ಕು ಫೋಟೊ ತೆಗೆದುಕೊಂಡು, ಊಟದ ಹೊತ್ತಿಗೆ ಮೈಸೂರು ಸೇರಿಬಿಡುತ್ತಾರೆ. ಮೈಸೂರಿನ ಅರಮನೆಯನ್ನು ಇನ್ನೊಂದು ದಿನಕ್ಕೆ ಇಟ್ಟುಕೊಂಡು, ಒಂದು ಇಡೀ ಹಗಲನ್ನು ಶ್ರೀರಂಗಪಟ್ಟಣಕ್ಕೇ ಕೊಡಬೇಕೆಂಬುದು ನನ್ನ ವಾದ. 1610ರಿಂದ 1799ರವರೆಗೆ, ಅಂದರೆ ಹೆಚ್ಚುಕಡಿಮೆ ಇನ್ನೂರು ವರ್ಷ, ಮೈಸೂರು ರಾಜ್ಯದ ರಾಜಧಾನಿಯಾಗಿದ್ದ ಊರು ಇದು. ಅಷ್ಟೇ ಅಲ್ಲ, ಬೆಂಗಳೂರಿನಲ್ಲಿ ನಾವು ಇಂದಿಗೂ ದಂಡು (ಕಂಟೋನ್ಮೆಂಟ್) ಎಂದು ಕರೆಯುವ ಪ್ರದೇಶ ಹುಟ್ಟಿದ್ದಕ್ಕೂ ಈ ದ್ವೀಪ ಬರಿದಾದದ್ದಕ್ಕೂ ನೇರವಾದ ಸಂಬಂಧವಿದೆ. ಬೆಂಗಳೂರಿನವರು ಅದನ್ನು ತಿಳಿದುಕೊಂಡು ನೋಡಿದರೆ ಕಲ್ಲುಗೋಡೆಗಳು ಬೇರೆಯಾಗಿಯೇ ಕಾಣುತ್ತವೆ.

ಕಾರಿದ್ದವರಿಗೆ ಹೊಸ ಹೆದ್ದಾರಿಯಲ್ಲಿ ಎರಡು ಗಂಟೆಯ ದಾರಿ. ಆದರೂ ನಾನು ರೈಲನ್ನೇ ಶಿಫಾರಸು ಮಾಡುತ್ತೇನೆ. ಹೆದ್ದಾರಿ ಊರನ್ನು ಪಕ್ಕಕ್ಕೆ ಬಿಟ್ಟು ಸಾಗುತ್ತದೆ, ರೈಲಾದರೋ ಕಾವೇರಿಯ ಉತ್ತರದ ಕವಲನ್ನು ದಾಟಿ ಕೋಟೆಯೊಳಕ್ಕೇ ನುಗ್ಗುತ್ತದೆ. ಮಂಡ್ಯ, ಪಾಂಡವಪುರ ಕಳೆದ ಮೇಲೆ ಕಿಟಕಿಯಿಂದ ನೀರು ಕಾಣುತ್ತದೆ, ಮರುಕ್ಷಣವೇ ಕೋಟೆಯ ಗೋಡೆ ಎದುರಾಗುತ್ತದೆ. ಎಲ್ಲ ರೈಲುಗಳೂ ಇಲ್ಲಿ ನಿಲ್ಲುವುದಿಲ್ಲವಾದ್ದರಿಂದ ವೇಳಾಪಟ್ಟಿಯನ್ನು ನೋಡಿಕೊಂಡು ಹತ್ತಬೇಕು. ಈ ಸಲ ನನ್ನ ಜೊತೆಗೆ ಪದವಿ ತರಗತಿಯಲ್ಲಿ ಓದುತ್ತಿರುವ ಅಕ್ಕನ ಮಗಳಿದ್ದಳು. ಮದ್ದೂರಿನಲ್ಲಿ ಹತ್ತಿದ ವಡೆಯವನಿಂದ ಎರಡು ಸಲ ವಡೆ ಕೊಂಡದ್ದರಿಂದ ತಿಂಡಿಯ ಚಿಂತೆ ಅಲ್ಲಿಗೇ ಮುಗಿಯಿತು.

ಈ ರೈಲು ಹಳಿಯ ಕುರಿತೇ ಒಂದು ಸಂಗತಿ ಹೇಳಬೇಕು. ಟಿಪ್ಪುವಿನ ಕಾಲದ ಹಲವು ಮದ್ದಿನ ಮನೆಗಳು, ಎಂದರೆ ಸಿಡಿಮದ್ದು ಮತ್ತು ಆಯುಧಗಳನ್ನು ಕೂಡಿಡುತ್ತಿದ್ದ ದಪ್ಪ ಗೋಡೆಯ ಕಟ್ಟಡಗಳು, ಕೋಟೆಯೊಳಗೆ ಅಲ್ಲಲ್ಲಿ ಉಳಿದಿವೆ. ಅವುಗಳಲ್ಲಿ ಒಂದು ಬೆಂಗಳೂರು–ಮೈಸೂರು ಜೋಡಿ ಹಳಿಯ ದಾರಿಗೆ ಅಡ್ಡವಾಗಿತ್ತು. ಅದನ್ನು ಕೆಡವುವಂತಿರಲಿಲ್ಲ, ಹಳಿಯನ್ನು ಬಳಸಿ ಒಯ್ಯಲೂ ಆಗಲಿಲ್ಲ. ಕಡೆಗೆ 2017ರಲ್ಲಿ ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಬುಡಸಮೇತ ಎತ್ತಿ, ನೂರು ಮೀಟರಿಗಿಂತ ಹೆಚ್ಚು ದೂರ ಸರಿಸಿ ಇಡಲಾಯಿತು. ಗೋಡೆ ಬಿರಿಯದಂತೆ ಸುತ್ತಲೂ ಉಕ್ಕಿನ ಚೌಕಟ್ಟು ಬಿಗಿದು, ಜ್ಯಾಕುಗಳ ಮೇಲೆ ಅಂಗುಲ ಅಂಗುಲವಾಗಿ ತಳ್ಳಿದ ಈ ಕೆಲಸ ಟಿಪ್ಪುವಿನ ಎಂಜಿನಿಯರುಗಳಿಗೂ ಇಷ್ಟವಾಗುತ್ತಿತ್ತೆಂದು ನನಗೆ ಅನ್ನಿಸುತ್ತದೆ. ನಿಲ್ದಾಣಕ್ಕೆ ಬರುವ ಪ್ರವಾಸಿಗರಲ್ಲಿ ಇದನ್ನು ಹುಡುಕಿಕೊಂಡು ಹೋಗುವವರು ವಿರಳ.

ನಿಲ್ದಾಣದ ಹೊರಗೆ ಆಟೋದವರು ಒಂದು ಸುತ್ತಿಗೆ ಇಷ್ಟು ಎಂದು ದರ ಹೇಳುತ್ತಾರೆ. "ಬನ್ನಿ ಸಾರ್, ದೇವಸ್ಥಾನ, ದರಿಯಾ ದೌಲತ್, ಗುಂಬಜ್, ಸಂಗಮ, ನಿಮಿಷಾಂಬ, ಎಲ್ಲಾ ತೋರಿಸ್ಕೊಂಡು ಬತ್ತೀನಿ" ಎಂದು ಒಬ್ಬರು ಒಂದೇ ಉಸಿರಿಗೆ ಪಟ್ಟಿ ಒಪ್ಪಿಸಿದರು. "ಯಜಮಾನರೇ, ಕೋಟೆಯೊಳಗಿನದನ್ನು ನಾವು ನಡೆದೇ ನೋಡುತ್ತೇವೆ, ಆಮೇಲೆ ಕೋಟೆಯ ಹೊರಗಿನ ಗಂಜಾಂ ಕಡೆಗೆ ನಿಮ್ಮ ಗಾಡಿಯಲ್ಲೇ ಬರುತ್ತೇವೆ" ಎಂದೆ. "ಬಿಸಿಲು ಏರ್ತದೆ ಸಾರ್, ಆಮೇಲೆ ನೀವೇ ಹುಡುಕ್ಕೊಂಡು ಬತ್ತೀರ" ಎಂದು ನಕ್ಕು ನಂಬರು ಕೊಟ್ಟರು. ಕೋಟೆಯ ಒಳಭಾಗ ನಡಿಗೆಗೆ ಹೇಳಿ ಮಾಡಿಸಿದಂತಿದೆ. ಮೊದಲು ಪಶ್ಚಿಮದ ಗೋಡೆ ಒಡೆದ ಜಾಗ, ಆಮೇಲೆ ಸೆರೆಮನೆ, ಅಲ್ಲಿಂದ ಟಿಪ್ಪು ಬಿದ್ದ ಸ್ಥಳ, ಕಡೆಗೆ ದೇವಸ್ಥಾನ ಎಂಬ ಕ್ರಮದಲ್ಲಿ ನಡೆದರೆ ಕಥೆ ತಾನಾಗಿಯೇ ಜೋಡಣೆಯಾಗುತ್ತದೆ.

ಶ್ರೀರಂಗಪಟ್ಟಣದ ನಿಜವಾದ ಕೋಟೆ ಕಾವೇರಿಯೇ. ನದಿ ಎರಡಾಗಿ ಕವಲೊಡೆದು ಊರನ್ನು ಸುತ್ತಿಕೊಂಡಿದೆ, ಕಲ್ಲಿನ ಗೋಡೆಗಳೂ ಕಂದಕಗಳೂ ಅದರ ಒಳಗಿನ ಎರಡನೆಯ ರಕ್ಷಣೆ. ಮುಂಗಾರು ಹಿಡಿದು ಹೊಳೆ ತುಂಬಿತೆಂದರೆ ಮುತ್ತಿಗೆ ಹಾಕಿದ ಸೈನ್ಯಕ್ಕೆ ಏನೂ ಮಾಡಲಾಗುತ್ತಿರಲಿಲ್ಲ. 1791ರ ಮಾರ್ಚಿಯಲ್ಲಿ ಬೆಂಗಳೂರಿನ ಕೋಟೆಯನ್ನು ಹಿಡಿದ ಬ್ರಿಟಿಷ್ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರದವರೆಗೂ ಬಂದನಾದರೂ ಮಳೆ, ಹಸಿವು, ಎತ್ತುಗಳ ಸಾವು ಎಲ್ಲ ಸೇರಿ ತನ್ನ ಭಾರಿ ತೋಪುಗಳನ್ನು ತಾನೇ ನಾಶಪಡಿಸಿ ಬೆಂಗಳೂರಿಗೆ ಹಿಂದಿರುಗಬೇಕಾಯಿತು. ಮರುವರ್ಷ ಫೆಬ್ರವರಿಯಲ್ಲೇ, ಮಳೆಗೆ ಇನ್ನೂ ತಿಂಗಳುಗಳಿರುವಾಗಲೇ, ಮರಳಿ ಬಂದ. ಆ ಸಲದ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿಯನ್ನೂ ಒಪ್ಪಿಕೊಂಡು, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಕಳಿಸಿಕೊಟ್ಟ. 1799ರಲ್ಲಿ ಬ್ರಿಟಿಷ್ ಸೇನಾಪತಿ ಜನರಲ್ ಹ್ಯಾರಿಸ್ ಏಪ್ರಿಲ್ ಮೊದಲ ವಾರದಲ್ಲೇ ಬಂದು ಬೀಡುಬಿಟ್ಟದ್ದಕ್ಕೂ, ಟಿಪ್ಪು ದಿನಗಳನ್ನು ತಳ್ಳುತ್ತ ಆಕಾಶ ನೋಡಿದ್ದಕ್ಕೂ ಕಾರಣ ಒಂದೇ, ಹೊಳೆಯ ನೀರು.

ಗೋಡೆ ಬಿರುಕುಬಿಟ್ಟ ಜಾಗದಲ್ಲಿ 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ ಸ್ಮಾರಕ ಸ್ತಂಭವಿದೆ. ಅದರ ಪಕ್ಕದಿಂದ ಕೆಳಗೆ ನೋಡಿದರೆ ಬೇಸಿಗೆಯಲ್ಲಿ ಬಂಡೆಗಳ ನಡುವೆ ಹರಿಯುವ ನೀರು ಮೊಣಕಾಲಿಗೆ ಬಂದೀತೋ ಇಲ್ಲವೋ ಎಂಬಷ್ಟಿರುತ್ತದೆ. ಮೇ 4ರ ಮಧ್ಯಾಹ್ನ, ಕಾವಲಿನವರು ದಣಿದಿರುವ ಉರಿಬಿಸಿಲಿನ ಹೊತ್ತನ್ನೇ ಆರಿಸಿಕೊಂಡು, ಬ್ರಿಟಿಷ್ ಸೈನಿಕರು ಈ ಬಂಡೆಗಳ ಮೇಲೆ ಓಡಿ ಕೆಲವೇ ನಿಮಿಷಗಳಲ್ಲಿ ಗೋಡೆ ಏರಿದರು. ಮುಂದಾಳಾಗಿದ್ದ ಡೇವಿಡ್ ಬೇರ್ಡ್ ಅದಕ್ಕೂ ಮೊದಲು ಇದೇ ಕೋಟೆಯಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದವನು. ನಾವು ಹೋದಾಗ ಗೋಡೆಯ ಮೇಲೆ ಮೂವರು ಹುಡುಗರು ಕುಳಿತು ಗಾಳ ಹಾಕುತ್ತಿದ್ದರು. ಅಕ್ಕನ ಮಗಳು ಸ್ತಂಭದ ಮೇಲೆ ಕೆತ್ತಿದ ಇಂಗ್ಲಿಷ್ ಹೆಸರುಗಳನ್ನೆಲ್ಲ ಓದಿ, "ಮಾಮ, ಈ ಕಡೆಯವರ ಹೆಸರು ಒಂದೂ ಇಲ್ಲವಲ್ಲ" ಎಂದಳು. ಗೆದ್ದವರ ನೆನಪಿಗೆ ನಿಲ್ಲಿಸಿದ ಕಲ್ಲಾದ್ದರಿಂದ ಅದರಲ್ಲಿ ಆಶ್ಚರ್ಯವಿಲ್ಲ. ಆದರೆ ನೂರು ವರ್ಷ ಕಳೆದ ಮೇಲಾದರೂ ಪಕ್ಕದಲ್ಲೊಂದು ಕನ್ನಡ ಫಲಕದಲ್ಲಿ ಕೋಟೆ ಕಾಯುತ್ತ ಸತ್ತವರ ಮಾತು ವಿವರವಾಗಿ ಬರಬಹುದಿತ್ತು ಎಂದು ನನಗೂ ಅನ್ನಿಸಿತು.

ಕರ್ನಲ್ ಬೇಲಿಯ ಸೆರೆಮನೆ ಎಂದು ಕರೆಯುವ ನೆಲಮಾಳಿಗೆ ಕೋಟೆಯ ಉತ್ತರದ ಅಂಚಿನಲ್ಲಿ, ನದಿಗೆ ತಾಗಿಕೊಂಡಂತಿದೆ. ಮೇಲಿನಿಂದ ನೋಡಿದರೆ ಏನೂ ತಿಳಿಯುವುದಿಲ್ಲ. ಮೆಟ್ಟಿಲಿಳಿದ ಮೇಲೆ ಇಟ್ಟಿಗೆ ಗಾರೆಯ ಕಮಾನುಗಳು, ಸುಣ್ಣ ಬಳಿದ ಗೋಡೆಗಳು, ಆ ಗೋಡೆಗಳಿಂದ ಹೊರಚಾಚಿದ ಕಲ್ಲಿನ ಚಪ್ಪಡಿಗಳು ಕಾಣುತ್ತವೆ. ಸೆರೆಯಾಳುಗಳ ಸರಪಳಿಯನ್ನು ಬಿಗಿಯಲೆಂದು ಆ ಚಪ್ಪಡಿಗಳಿಗೆ ಕೊರೆದ ತೂತುಗಳಲ್ಲಿ ಬೆರಳು ಇಟ್ಟು ನೋಡಬಹುದು. ಕೈ ಚಾಚಿದ ಸ್ಥಿತಿಯಲ್ಲಿ ನಿಲ್ಲಬೇಕಾದ ಎತ್ತರಕ್ಕೆ ಅವು ಇವೆ. ಮುತ್ತಿಗೆಯ ಕಾಲದಲ್ಲಿ ಮೇಲಿನ ಬುರುಜಿನಿಂದ ಚಾವಣಿ ಒಡೆದುಕೊಂಡು ಬಿದ್ದ ತೋಪು ಇಂದಿಗೂ ಒಳಗೇ ಬಿದ್ದಿದೆ, ಅದನ್ನು ಯಾರೂ ಎತ್ತುವ ಗೋಜಿಗೆ ಹೋಗಿಲ್ಲ. ಬ್ರಿಟಿಷ್ ಸೇನಾಧಿಕಾರಿ ಬೇಲಿ 1780ರಲ್ಲಿ ಕಂಚಿಯ ಹತ್ತಿರದ ಪೊಳ್ಳಿಲೂರಿನಲ್ಲಿ ಮೈಸೂರಿನವರಿಗೆ ಸೋತು ಸಿಕ್ಕಿಬಿದ್ದು, 1782ರಲ್ಲಿ ಸೆರೆಯಲ್ಲೇ ತೀರಿಕೊಂಡ. ಈ ಹೆಸರನ್ನು ನೆನಪಿಟ್ಟುಕೊಳ್ಳಬೇಕು, ಮುಂದೆ ದರಿಯಾ ದೌಲತ್ತಿನ ಗೋಡೆಯ ಮೇಲೆ ಅವನೇ ಸಿಗುತ್ತಾನೆ.

ಟಿಪ್ಪುವಿನ ದೇಹ ಸಿಕ್ಕಿದ ಜಾಗದಲ್ಲಿ ಒಂದು ಕಲ್ಲಿನ ಫಲಕವೂ ಸುತ್ತ ಒಂದು ಸಣ್ಣ ಆವರಣವೂ ಮಾತ್ರ ಇವೆ. ಇಷ್ಟು ದೊಡ್ಡ ಘಟನೆಗೆ ಇಷ್ಟು ಚಿಕ್ಕ ಗುರುತು ಸಾಕೇ ಎಂದು ಹಲವರು ಗೊಣಗುವುದನ್ನು ಕೇಳಿದ್ದೇನೆ, ನನಗೆ ಮಾತ್ರ ಅದು ಸರಿಯಾಗಿಯೇ ಇದೆ ಅನ್ನಿಸುತ್ತದೆ. ಅಲ್ಲಿಂದ ಮುಂದೆ ದೇವಸ್ಥಾನದ ಕಡೆಗೆ ನಡೆಯುವಾಗ ಅಕ್ಕನ ಮಗಳು, "ಮಾಮ, ಹಾಗಾದರೆ ಅರಮನೆ ಎಲ್ಲಿ?" ಎಂದಳು. ಲಾಲ್ ಮಹಲ್ ಎಂಬ ಟಿಪ್ಪುವಿನ ಅರಮನೆ ಇದ್ದದ್ದು ದೇವಸ್ಥಾನದಿಂದ ಕೂಗಳತೆಯಲ್ಲಿ. ಈಗ ಅಲ್ಲಿರುವುದು ತಳಪಾಯದ ಸಾಲುಗಳು ಮಾತ್ರ.

ಆ ಅರಮನೆಯನ್ನು ನೋಡಬೇಕೆಂದರೆ ಊರೂರು ಸುತ್ತಬೇಕು. ಅದರ ತೇಗದ ತೊಲೆಗಳು ಬೆಟ್ಟ ಹತ್ತಿ, 1830ರ ಸುಮಾರಿಗೆ ಕಟ್ಟಿದ ಊಟಿಯ ಸೇಂಟ್ ಸ್ಟೀಫನ್ಸ್ ಚರ್ಚಿನ ಮಾಡನ್ನು ಹೊತ್ತು ನಿಂತಿವೆ. ಸಿಂಹಾಸನವನ್ನು ಒಡೆದು ಹಂಚಿಕೊಂಡದ್ದರಲ್ಲಿ ಹುಲಿಯ ತಲೆಯೂ ಹುಮಾ ಎಂಬ ಕಲ್ಪನೆಯ ಹಕ್ಕಿಯೂ ಇಂಗ್ಲೆಂಡಿನ ರಾಜಮನೆತನದ ಪಾಲಾಗಿ ವಿಂಡ್ಸರ್ ಸೇರಿದವು. ಸೈನಿಕನ ಮೇಲೆರಗಿದ ಮರದ ಹುಲಿ, ಹಿಡಿ ತಿರುಗಿಸಿದರೆ ಗರ್ಜಿಸುತ್ತಿದ್ದ ಆ ಯಂತ್ರ, ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಪುಸ್ತಕಗಳು ಕಲ್ಕತ್ತಕ್ಕೂ ಲಂಡನ್ನಿಗೂ ಹೋದವು. ರಾಜಪದವಿಯಂತೂ ಒಡೆಯರಿಗೆ ಮರಳಿತಾದರೂ, ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ 1799ರ ಜೂನ್ 30ರಂದು ಪಟ್ಟವಾದದ್ದು ಶ್ರೀರಂಗಪಟ್ಟಣದಲ್ಲಲ್ಲ, ಮೈಸೂರಿನಲ್ಲಿ.

ಹೀಗೆ ಎಲ್ಲವೂ ಹೋದರೂ ಜಾಗ ಬಿಟ್ಟು ಕದಲದವನು ರಂಗನಾಥ. ಗಂಗರ ಕಾಲದಲ್ಲಿ, 894ರಲ್ಲಿ ತಿರುಮಲಯ್ಯ ಎಂಬವನು ಕಟ್ಟಿಸಿದನೆಂದು ಹೇಳುವ ಈ ಗುಡಿಗೆ ಹೊಯ್ಸಳರೂ ವಿಜಯನಗರದವರೂ ತಮ್ಮ ತಮ್ಮ ಕಾಲದಲ್ಲಿ ಸೇರಿಸುತ್ತ ಬಂದರು. ಹೈದರನೂ ಟಿಪ್ಪುವೂ ಇದರ ನೆರಳಿನಲ್ಲೇ ರಾಜ್ಯವಾಳಿದರು. ಆದಿರಂಗ ಇಲ್ಲಿ, ಮಧ್ಯರಂಗ ಶಿವನಸಮುದ್ರದಲ್ಲಿ, ಅಂತ್ಯರಂಗ ತಮಿಳುನಾಡಿನ ಶ್ರೀರಂಗದಲ್ಲಿ. ಸರದಿಯಲ್ಲಿ ತಳ್ಳಿಸಿಕೊಂಡು ಗರ್ಭಗುಡಿಯ ಮುಂದೆ ಸಿಗುವ ಅರೆಗಳಿಗೆಯಲ್ಲಿ ಎಲ್ಲರೂ ಮುಖವನ್ನೇ ನೋಡುತ್ತಾರೆ. ಕಣ್ಣನ್ನು ಒಮ್ಮೆ ಪಾದದ ಕಡೆಗೆ ಹೊರಳಿಸಬೇಕು, ಅಲ್ಲಿ ಕುಳಿತಿರುವವಳು ಕಾವೇರಿ.

ಅಲಮೇಲಮ್ಮನ ಕಥೆಗೆ ಬೇರು ಇರುವುದೂ ಈ ಗುಡಿಯಲ್ಲೇ. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿಯಿಂದ ಪಟ್ಟಣವನ್ನು ವಶಪಡಿಸಿಕೊಂಡಾಗ ಆತನ ಹೆಂಡತಿ ಅಲಮೇಲಮ್ಮ ತನ್ನ ಒಡವೆಗಳೊಂದಿಗೆ ತಲಕಾಡಿನ ಕಡೆಗೆ ಹೋದಳು. ವಾರದ ದಿನಗಳಲ್ಲಿ ರಂಗನಾಯಕಿ ಅಮ್ಮನವರಿಗೆ ತೊಡಿಸುತ್ತಿದ್ದ ಆ ಒಡವೆಗಳನ್ನು ತರಲು ಅರಮನೆಯವರು ಬೆನ್ನುಹತ್ತಿದಾಗ "ತಲಕಾಡು ಮರಳಾಗಲಿ, ಮಾಲಂಗಿ ಮಡುವಾಗಲಿ, ಮೈಸೂರು ದೊರೆಗಳಿಗೆ ಮಕ್ಕಳಾಗದೆ ಹೋಗಲಿ" ಎಂದು ಶಪಿಸಿ ಹೊಳೆಗೆ ಹಾರಿದಳೆಂಬುದು ಎಲ್ಲರ ಬಾಯಲ್ಲೂ ಇರುವ ಕಥೆ. ಅದೇ ವರ್ಷ ರಾಜ ಒಡೆಯರು ಇಲ್ಲಿ ದಸರಾ ಆರಂಭಿಸಿದರು. ಮೈಸೂರಿನ ಜಂಬೂಸವಾರಿಯ ಅಬ್ಬರದಲ್ಲಿ ಮರೆತುಹೋದರೂ, ಶ್ರೀರಂಗಪಟ್ಟಣದ ದಸರಾ ಕಿರಂಗೂರಿನ ಬನ್ನಿಮಂಟಪದಿಂದ ಹೊರಟು ಈಗಲೂ ನಡೆಯುತ್ತದೆ.

ಬಿಸಿಲಿನ ವಿಷಯದಲ್ಲಿ ಆಟೋ ಯಜಮಾನರ ಮಾತು ನಿಜವಾಯಿತು. ಅವರನ್ನೇ ಕರೆಸಿಕೊಂಡು ಬೆಂಗಳೂರು ಬಾಗಿಲ ಬಳಿಯ ಜಾಮಿಯಾ ಮಸೀದಿಯ ಎರಡು ಮಿನಾರುಗಳನ್ನು ಹೊರಗಿನಿಂದಲೇ ನೋಡಿಕೊಂಡು ದರಿಯಾ ದೌಲತ್ತಿಗೆ ಹೋದೆವು. 1784ರಲ್ಲಿ ಟಿಪ್ಪು ಕಟ್ಟಿಸಿದ ಈ ಬೇಸಿಗೆಯ ಅರಮನೆ ಹೊರಗಿನಿಂದ ನಿರಾಸೆ ಹುಟ್ಟಿಸುತ್ತದೆ. ತಗ್ಗಾದ ಚಾವಣಿ, ಬಿಸಿಲು ತಡೆಯಲು ಸುತ್ತಲೂ ಇಳಿಬಿಟ್ಟ ಹಸಿರು ಪರದೆಗಳು, ಅಷ್ಟೇ. ಪರದೆಯ ಒಳಗೆ ಕಾಲಿಟ್ಟ ಮೇಲೆ ಕಣ್ಣು ಕತ್ತಲೆಗೆ ಒಗ್ಗಲು ಸ್ವಲ್ಪ ಹೊತ್ತು ಬೇಕು. ಒಗ್ಗಿದ ಮೇಲೆ ನೆಲದಿಂದ ಮಾಡಿನವರೆಗೆ ಒಂದಂಗುಲವೂ ಬಿಡದೆ ಗೋಡೆ, ಕಂಬ, ಕಮಾನು ಎಲ್ಲದರ ಮೇಲೂ ಬಣ್ಣ ತುಂಬಿರುವುದು ಕಾಣುತ್ತದೆ.

ಪಶ್ಚಿಮದ ಗೋಡೆಯ ಮೇಲೆ ಪೊಳ್ಳಿಲೂರಿನ ಯುದ್ಧವಿದೆ. ಕೆಂಪು ಅಂಗಿಯ ಸೈನಿಕರು ಚೌಕಾಕಾರವಾಗಿ ನಿಂತಿದ್ದಾರೆ. ನಡುವೆ ಪಲ್ಲಕ್ಕಿಯಲ್ಲಿ ಗಾಯಗೊಂಡ ಬೇಲಿ ಬೆರಳು ಕಚ್ಚಿಕೊಂಡು ಕುಳಿತಿದ್ದಾನೆ, ಪಕ್ಕದಲ್ಲೇ ಅವರ ಮದ್ದಿನ ಗಾಡಿ ಸಿಡಿಯುತ್ತಿದೆ. ಫ್ರೆಂಚ್ ಸೇನಾಧಿಕಾರಿ ಲಾಲಿ ದುರ್ಬೀನಿನಲ್ಲಿ ನೋಡುತ್ತಿದ್ದಾನೆ. ಹೈದರನೂ ಟಿಪ್ಪುವೂ ಇಷ್ಟೆಲ್ಲದರ ನಡುವೆ ಮದುವೆಯ ಮೆರವಣಿಗೆಗೆ ಹೊರಟವರಂತೆ ನೆಮ್ಮದಿಯಾಗಿದ್ದಾರೆ. ಹೈದರಾಬಾದಿನ ನಿಜಾಮನ ದಂಡನ್ನು ಬರೆದ ಕಡೆ ಒಂದು ಹಂದಿಯನ್ನೂ ಒಂದು ಹಸುವನ್ನೂ ಬರೆದಿದ್ದಾರೆ. ಬರುವಾಗ ಕಾಡುಹಂದಿಯಂತೆ ಬಂದು ಹೋಗುವಾಗ ಹಸುವಿನಂತೆ ಹೋದನೆಂಬ ಕುಹಕ ಅದು. ಎದುರು ದಿಕ್ಕಿನ ಪೂರ್ವದ ಗೋಡೆಯಲ್ಲಿ ಆಗಿನ ಅರಸರ ಸಾಲೇ ಇದೆ. ಹೈದರನು ಚಿತ್ರದುರ್ಗವನ್ನು ಗೆದ್ದು ಸೆರೆಹಿಡಿದ ಮದಕರಿ ನಾಯಕನೂ ಅವರ ನಡುವೆ ಇದ್ದಾನೆ.

ಚಿತ್ರಕ್ಕಿಂತ ಅದು ಉಳಿದ ಬಗೆ ನನಗೆ ಹೆಚ್ಚು ಸ್ವಾರಸ್ಯವಾಗಿ ತೋರುತ್ತದೆ. 1799ರ ಮುತ್ತಿಗೆಗೆ ಮೊದಲೇ ಈ ಯುದ್ಧಚಿತ್ರವನ್ನು ಅಳಿಸಲಾಗಿತ್ತು. ಪಟ್ಟಣ ಬಿದ್ದ ಮೇಲೆ ಇಲ್ಲಿ ವಾಸಕ್ಕೆ ಬಂದ ಆರ್ಥರ್ ವೆಲ್ಲೆಸ್ಲಿ, ಮುಂದೆ ವಾಟರ್ಲೂ ಗೆದ್ದು ಹೆಸರಾದವನು, ತನ್ನ ದೇಶದವರ ಸೋಲಿನ ಚಿತ್ರವನ್ನು ತಾನೇ ಸರಿಮಾಡಿಸಿದ. ಅದು ಮತ್ತೆ ಸುಣ್ಣದ ಕೆಳಗೆ ಮುಚ್ಚಿಹೋದಾಗ ಗವರ್ನರ್ ಜನರಲ್ ಡಾಲ್‌ಹೌಸಿ ಮೂಲ ಚಿತ್ರವನ್ನು ಕಂಡು ನೆನಪಿಟ್ಟುಕೊಂಡಿದ್ದ ಇಲ್ಲಿನ ಕಲಾವಿದನೊಬ್ಬನಿಂದ ಮತ್ತೊಮ್ಮೆ ಬರೆಸಿದ. ಗೆದ್ದವನಿಗೆ ಹಳೆಯ ಸೋಲು ನೋವು ಕೊಡುವುದಿಲ್ಲ, ಬದಲಾಗಿ ಗೆಲುವಿನ ತೂಕವನ್ನು ಹೆಚ್ಚಿಸುತ್ತದೆ ಎಂಬ ಲೆಕ್ಕಾಚಾರವೂ ಅದರಲ್ಲಿ ಇದ್ದಿರಬೇಕು. ಕಾರಣ ಏನೇ ಇರಲಿ, ಮೈಸೂರಿನವರು ಇಂಗ್ಲಿಷರನ್ನು ಸೋಲಿಸಿದ್ದನ್ನು ಮೈಸೂರಿನವರ ಕಣ್ಣಿನಿಂದಲೇ ನೋಡುವ ಅವಕಾಶ ನಮಗೆ ಉಳಿದದ್ದು ಹೀಗೆ. ಅವಸರದಲ್ಲಿ ಬಂದವರು ಈ ಗೋಡೆಯ ಮುಂದೆ ಎರಡು ನಿಮಿಷ ನಿಂತು ಹೊರಡುತ್ತಾರೆ. ಇಲ್ಲಿ ಒಂದು ಗಂಟೆಯಾದರೂ ಇರಬೇಕು, ಸಾಧ್ಯವಾದರೆ ಸೈನಿಕರ ಮೀಸೆಗಳನ್ನು ಒಂದೊಂದಾಗಿ ನೋಡಬೇಕು.

ಗಂಜಾಮಿನ ಗುಂಬಜ್ ಇರುವ ತೋಟದ ಹೆಸರೂ ಲಾಲ್‌ಬಾಗ್ ಎಂಬುದು ಬೆಂಗಳೂರಿನವರಿಗೆ ಹೊಸ ಸುದ್ದಿಯಾಗಬಹುದು. ಹೈದರ್, ಅವನ ಹೆಂಡತಿ ಫಾತಿಮಾ ಫಖ್ರುನ್ನಿಸಾ ಮತ್ತು ಟಿಪ್ಪು ಮೂವರೂ ಒಂದೇ ಗುಮ್ಮಟದ ಕೆಳಗೆ ಮಲಗಿದ್ದಾರೆ. ಸುತ್ತ ಮೂವತ್ತಾರು ಕರಿಕಲ್ಲಿನ ನುಣುಪು ಕಂಬಗಳಿವೆ, ಒಳಗೋಡೆಯ ತುಂಬ ಹುಲಿಯ ಪಟ್ಟೆಗಳ ಬಣ್ಣವಿದೆ. ಮೇ 5ರ ಸಂಜೆ ಬ್ರಿಟಿಷ್ ಸೈನಿಕರ ಗೌರವದೊಂದಿಗೆ ಟಿಪ್ಪುವನ್ನು ಇಲ್ಲಿ ಮಣ್ಣು ಮಾಡಿದರೆಂದೂ ಆ ರಾತ್ರಿ ಗುಡುಗು ಸಿಡಿಲಿನ ಭಾರಿ ಮಳೆ ಬಂತೆಂದೂ ಅಲ್ಲಿದ್ದವರೇ ಬರೆದಿಟ್ಟಿದ್ದಾರೆ. ಟಿಪ್ಪು ಕಾದು ಕುಳಿತಿದ್ದ ಮಳೆ ಒಂದು ದಿನ ತಡವಾಗಿ ಬಂದಿತ್ತು. ಬೇಲಿಯ ನೆನಪಿಗೆ ಅವನ ಸಂಬಂಧಿ 1816ರಲ್ಲಿ ಕಟ್ಟಿಸಿದ ಸ್ಮಾರಕವೂ ಇದೇ ತೋಟದಲ್ಲಿದೆ, ಸೆರೆಹಿಡಿದವರಿಂದ ಕೆಲವೇ ಹೆಜ್ಜೆ ದೂರದಲ್ಲಿ.

ಇಂದು ಗಂಜಾಮಿನಲ್ಲಿ ಹೊಲ, ತೋಟ, ಚದುರಿದ ಮನೆಗಳನ್ನು ನೋಡಿದವರಿಗೆ ಇದು ಮಹಾನಗರವಾಗಿತ್ತೆಂದು ನಂಬುವುದು ಕಷ್ಟ. 1800ರಲ್ಲಿ ಕಂಪನಿಯ ಪರವಾಗಿ ಸಮೀಕ್ಷೆಗೆ ಬಂದ ಫ್ರಾನ್ಸಿಸ್ ಬುಕನನ್ ಟಿಪ್ಪುವಿನ ಕಾಲದಲ್ಲಿ ದ್ವೀಪದಲ್ಲಿ ಒಂದೂವರೆ ಲಕ್ಷ ಜನರಿದ್ದರೆಂದು ಕೇಳಿ ಬರೆದುಕೊಂಡ. ಆಗ ಉಳಿದಿದ್ದ ಮನೆಗಳ ಲೆಕ್ಕವನ್ನು ಅವನು ಹಿಡಿದು, ಮನೆಗೆ ಐದು ಜನರೆಂದು ಗುಣಿಸಿದಾಗ ದೊರೆತದ್ದು 31,895. ಒಂದೇ ವರ್ಷದಲ್ಲಿ ರಾಜಧಾನಿ ಅಷ್ಟು ಕರಗಿತ್ತು. ಆಗಿನ್ನೂ ದ್ವೀಪ ಕಂಪನಿಯ ಕೈಯಲ್ಲಿ, ಬ್ರಿಟಿಷ್ ದಂಡು ಕೋಟೆಯಲ್ಲಿ. ಆದರೆ ಸುತ್ತಲೂ ನೀರು, ಗದ್ದೆ, ಅದರ ಮೇಲೆ ಸೊಳ್ಳೆ. ಸಿಪಾಯಿಗಳು ಜ್ವರದಿಂದ ಸಾಲುಸಾಲಾಗಿ ಮಲಗಿದರು. ಕಡೆಗೆ 1809ರ ಹೊತ್ತಿಗೆ ದಂಡನ್ನು ತಂಪು ಹವೆಯ, ಎತ್ತರದ ಬೆಂಗಳೂರಿಗೆ, ಹಲಸೂರಿನ ಬಯಲಿಗೆ ಸಾಗಿಸಿದರು. ಕಂಟೋನ್ಮೆಂಟ್ ಬೆಳೆದದ್ದು, ಈಗಿನ ಎಂ.ಜಿ. ರಸ್ತೆ ಮತ್ತು ಶಿವಾಜಿನಗರದ ಸುತ್ತಲಿನ ಊರು ಕಟ್ಟಿಕೊಂಡದ್ದು ಅಲ್ಲಿಂದ ಮುಂದಕ್ಕೆ. ನಡುವೆ ಬ್ರಿಟಿಷರು ತಮ್ಮ ಆಡಳಿತಕ್ಕೆ ತೆಗೆದುಕೊಂಡಿದ್ದ ಮೈಸೂರು ರಾಜ್ಯವನ್ನು 1881ರಲ್ಲಿ ಒಡೆಯರಿಗೆ ಮರಳಿಸುವಾಗ ಲೆಕ್ಕ ಇನ್ನೂ ನಿಚ್ಚಳವಾಯಿತು. ಬೆಂಗಳೂರಿನ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ನನ್ನು ಬ್ರಿಟಿಷರು ತಮ್ಮ ಆಡಳಿತದಲ್ಲೇ ಇಟ್ಟುಕೊಂಡು, ಅದಕ್ಕೆ ಬದಲಾಗಿ ಶ್ರೀರಂಗಪಟ್ಟಣ ದ್ವೀಪವನ್ನು ಮೈಸೂರಿಗೆ ಬಿಟ್ಟುಕೊಟ್ಟರು. ಇನ್ನೂರು ವರ್ಷದ ರಾಜಧಾನಿಗೂ ನಮ್ಮ ದಂಡು ಪ್ರದೇಶಕ್ಕೂ ಸರ್ಕಾರದ ಕಾಗದದಲ್ಲಿ ಸಾಟಿ ವಿನಿಮಯವಾಗಿತ್ತು. 1947ರವರೆಗೂ ದಂಡು ಬೇರೆ, ಪೇಟೆ ಬೇರೆ ಎಂದು ಬೆಂಗಳೂರು ಎರಡು ಆಡಳಿತಗಳಲ್ಲಿ ಬಾಳಿದ್ದಕ್ಕೆ ಇದೇ ಹಿನ್ನೆಲೆ.

ಗುಂಬಜಿನಿಂದ ಸಂಗಮಕ್ಕೆ ಹೋಗುವುದನ್ನು ನಾವು ಬಿಟ್ಟೆವು. ಅಲ್ಲಿನ ಗದ್ದಲ ನನಗೆ ಹಿಡಿಸುವುದಿಲ್ಲ, ಕೆ.ಆರ್.ಎಸ್.ನಿಂದ ನೀರು ಬಿಟ್ಟ ದಿನಗಳಲ್ಲಂತೂ ಹತ್ತಿರ ಸುಳಿಯಬಾರದು. ಅದರ ಬದಲು ಉತ್ತರದ ಕವಲಿಗೆ 1804ರಲ್ಲಿ ಪೂರ್ಣಯ್ಯನವರು ಕಟ್ಟಿಸಿದ ವೆಲ್ಲೆಸ್ಲಿ ಸೇತುವೆಯನ್ನು ನೋಡಿದೆವು. ಕಮಾನುಗಳಿಲ್ಲದೆ, ನೆಟ್ಟ ಕಲ್ಲುಕಂಬಗಳ ಮೇಲೆ ಕಲ್ಲಿನ ತೊಲೆ, ಅದರ ಮೇಲೆ ಚಪ್ಪಡಿ ಹಾಸಿ ಗುಡಿಯ ಮಂಟಪ ಕಟ್ಟುವ ರೀತಿಯಲ್ಲೇ ಕಟ್ಟಿದ ಸೇತುವೆ ಅದು. ಹೈದರ್, ಟಿಪ್ಪು, ಒಡೆಯರು ಮೂವರ ಬಳಿಯೂ ಅಧಿಕಾರ ನಡೆಸಿದ ಪೂರ್ಣಯ್ಯನವರು ದಿವಾನಗಿರಿ ಮುಗಿಸಿದ ಮೇಲೆ ಮೈಸೂರಿನಲ್ಲಿ ಉಳಿಯಲಿಲ್ಲ, ಶ್ರೀರಂಗಪಟ್ಟಣಕ್ಕೇ ಬಂದು 1812ರಲ್ಲಿ ಇಲ್ಲೇ ಕಣ್ಣುಮುಚ್ಚಿದರು.

ಸಂಜೆಯ ರೈಲಿನಲ್ಲಿ ಮುಂದಿನ ಭಾನುವಾರದ ಮಾತು ಬಂತು. ದರಿಯಾ ದೌಲತ್ತಿನ ಒಡಹುಟ್ಟಿನಂತಿರುವ ತೇಗದ ಅರಮನೆಯೊಂದು ಬೆಂಗಳೂರಿನಲ್ಲೇ, ಕಲಾಸಿಪಾಳ್ಯದ ಪಕ್ಕದಲ್ಲಿದೆ. ಹೈದರ್ 1781ರಲ್ಲಿ ಶುರುಮಾಡಿಸಿದ ಅದನ್ನು ಟಿಪ್ಪು 1791ರಲ್ಲಿ ಮುಗಿಸಿದ. ಅದೇ ವರ್ಷ ಮಾರ್ಚಿ 21ರಂದು ಕಾರ್ನ್‌ವಾಲಿಸ್ ಒಡೆದ ಕೋಟೆಯ ಉಳಿದ ತುಂಡು ಕೃಷ್ಣರಾಜೇಂದ್ರ ಮಾರುಕಟ್ಟೆಯ ಎದುರಿಗಿದೆ, ದಾಳಿಯ ತಾರೀಖನ್ನು ಕೆತ್ತಿದ ಕಲ್ಲೂ ಅಲ್ಲೇ ಗೋಡೆಯಲ್ಲಿದೆ. ದಿನಾ ಮೆಟ್ರೋದಲ್ಲಿ ಅದರ ಕೆಳಗೇ ಹಾದು ಕಾಲೇಜಿಗೆ ಹೋಗುವ ಅಕ್ಕನ ಮಗಳು ಅದನ್ನು ಇನ್ನೂ ನೋಡಿಲ್ಲ. ಕೆ.ಆರ್. ಮಾರ್ಕೆಟ್ ನಿಲ್ದಾಣದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಸೇರುವುದೆಂದು ಮಾತಾಯಿತು.